ಪಾಲಕರೊಡನೆ: ಪ್ರವೇಶ ಪರೀಕ್ಷೆಯೂ ಮನೆಯ ಮಾತೂ



ಮಳೆಗಾಲ ಆರಂಭವಾಯಿತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳ ವಿಷಯ ಒಂದೇ ಆಗಿಬಿಡುತ್ತದೆ. ಈ ಸಲವೂ ನಮ್ಮ ಜತ್ತ ತಾಲೂಕಿನಿಂದ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜಗಳಿಂದ, ದೂರದ ಕಾಸರಗೋಡಿನಿಂದಲೂ ಬಂದ ಪತ್ರಗಳು ಕೇಳುತ್ತಿರುವುದು ಇಷ್ಟೇ: ‘ಮಗು ಐದನೆಯ ಇಯತ್ತೆಯಲ್ಲಿದೆ. ನವೋದಯದ ಪ್ರವೇಶ ಪರೀಕ್ಷೆಗೆ ಕೂಡ್ರಿಸಬೇಕೆಂದಿದ್ದೇವೆ. ಮನೆಯಲ್ಲಿ ನಾವು ಮಾಡಬೇಕಾದುದೇನು?’ ಒಬ್ಬ ತಾಯಿಯಂತೂ ನಮ್ಮ ಶಾಲೆಯ ಕಟ್ಟೆಗೇ ಬಂದು, ‘ಗುರುಗಳ, ನನಗ ಓದಾಕ ಬರೂದಿಲ್ಲ, ಅವರಪ್ಪ ನಾಕನೇ ಇಯತ್ತೆ ಕಲತಾರ. ಹುಡುಗಗ ನಾವೇನ್ ಹೇಳಿಕೊಡೂಣ್ರಿ?’ ಎಂದು ಕೇಳಿದರು. ಎಲ್ಲ ಪತ್ರಗಳಿಗಿಂತಲೂ ಈ ಪ್ರಶ್ನೆಯೇ ನೇರವಾದುದು. ಆದ್ದರಿಂದ ಅಕ್ಷರ ಬಾರದ ಪಾಲಕರನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಈ ತಿಂಗಳ ಮಾತನ್ನು ಬರೆಯುತ್ತಿದ್ದೇನೆ. ಇದನ್ನು ಮನೆಯಲ್ಲಿ ಮಗುವೇ ಗಟ್ಟಿಯಾಗಿ ಓದಿ ಹೇಳಲಿ.

ಮೊದಲು ಆ ಶಾಲೆಯ ಪರಿಚಯವಾಗಲಿ. ಹಳ್ಳಿಯ ಬುದ್ಧಿವಂತ ಮಕ್ಕಳಿಗೆ ತಂದೆಯ ಗಳಿಕೆಯನ್ನು ನೋಡದೆ ಉತ್ತಮ ಶಿಕ್ಷಣ ದೊರೆಯಬೇಕೆಂಬ ಉದ್ದೇಶದಿಂದ ಕೇಂದ್ರ ಸರಕಾರವು ಈ ವಸತಿ ವಿದ್ಯಾಲಯಗಳನ್ನು ಸ್ಥಾಪಿಸಿತು. ಮೊದಲ ಎರಡು ವಿದ್ಯಾಲಯಗಳು 1985-86ರಲ್ಲಿ ಹರಿಯಾಣದ ಝಜ್ಜರದಲ್ಲಿಯೂ ನಮ್ಮ ಮಹಾರಾಷ್ಟ್ರದ ಅಮರಾವತಿಯಲ್ಲಿಯೂ ಆರಂಭವಾದವು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ತರುವಾಯ ಅವು ದೇಶದ ತುಂಬ ಹಬ್ಬಿದವು. ಆರನೆಯ ಇಯತ್ತೆಯಿಂದ ಹನ್ನೆರಡರವರೆಗೆ ಊಟ, ವಸತಿ, ಸಮವಸ್ತ್ರ, ಪುಸ್ತಕಗಳೆಲ್ಲ ಉಚಿತ. ಒಂಬತ್ತನೆಯದರಿಂದ ವಿಕಾಸ ನಿಧಿಯೆಂದು ತಿಂಗಳಿಗೆ 600 ರೂಪಾಯಿ ಉಂಟಾದರೂ ಹುಡುಗಿಯರಿಗೂ ಪರಿಶಿಷ್ಟ ಜಾತಿ-ಪಂಗಡಗಳ ಮಕ್ಕಳಿಗೂ ಬಡತನದ ರೇಖೆಯ ಕೆಳಗಿರುವವರಿಗೂ ಅದರಿಂದ ವಿನಾಯಿತಿ ಇದೆ. ಒಂದು ವಿದ್ಯಾಲಯದ ಆರನೆಯ ಇಯತ್ತೆಗೆ ಹೆಚ್ಚೆಂದರೆ 80 ಮಕ್ಕಳು. ಅವರಲ್ಲಿ ನೂರಕ್ಕೆ 75ರಷ್ಟಾದರೂ ಗ್ರಾಮೀಣ ಭಾಗದವರಿರಬೇಕು, ಮೂರರಲ್ಲೊಂದು ಭಾಗ ಹುಡುಗಿಯರಿರಬೇಕು ಎಂಬುದು ನಿಯಮ. ಮೂರು, ನಾಲ್ಕು, ಐದನೆಯ ಇಯತ್ತೆಗಳನ್ನು ಪೂರ್ತಿಯಾಗಿ ಹಳ್ಳಿಯ ಶಾಲೆಯಲ್ಲಿ ಓದಿದ ಮಗುವಿಗೆ ಮಾತ್ರ ಗ್ರಾಮೀಣ ಸ್ಥಾನದ ಹಕ್ಕು. ಹಳ್ಳಿ ಬಿಡಿಸಿ ಪಟ್ಟಣದ ಶಾಲೆಗೆ ಸೇರಿಸಿ ಅಲ್ಲಿಂದ ನವೋದಯಕ್ಕೆ ಏರಿಸೋಣವೆನ್ನುವವರು ಇದನ್ನು ತಿಳಿದಿರಬೇಕು.

ಪ್ರತಿ ಜಿಲ್ಲೆಗೂ ಅದರದೇ ವಿದ್ಯಾಲಯ. ಸಾಂಗಲಿ ಜಿಲ್ಲೆಯವರಿಗೆ ಪಲುಸ, ಸೊಲ್ಲಾಪುರದವರಿಗೆ ಪೋಖರಾಪುರ, ಕೊಲ್ಲಾಪುರದವರಿಗೆ ಕಾಗಲ, ಕಾಸರಗೋಡಿನವರಿಗೆ ಪೆರಿಯ. ಮಗು ಯಾವ ಜಿಲ್ಲೆಯಲ್ಲಿ ವಾಸವಾಗಿದೆಯೋ ಅದೇ ಜಿಲ್ಲೆಯ ಶಾಲೆಯಲ್ಲಿ ಐದನೆಯದನ್ನು ಓದುತ್ತಿರಬೇಕು. ಇಲ್ಲಿ ಗಡಿಯ ಜನರಿಗೆ ಒಂದು ತೊಡಕಿದೆ. ನಮ್ಮ ಭಾಗದ ಎಷ್ಟೋ ಮಕ್ಕಳು ವಿಜಯಪುರ ಜಿಲ್ಲೆಯಲ್ಲಿ ಸೋದರಮಾವನ ಮನೆಯಲ್ಲೋ ಅಜ್ಜಿಯ ಮನೆಯಲ್ಲೋ ಇದ್ದು ಕಲಿಯುತ್ತಾರೆ. ಪಡಿತರ ಚೀಟಿ, ಆಧಾರ ಮಾತ್ರ ತಿಕೋಂಡಿಯದೋ ಉಮದಿಯದೋ ಆಗಿರುತ್ತದೆ. ಶಾಲೆ ಅಲ್ಲಿರುವುದರಿಂದ ಪಲುಸಕ್ಕೆ ಸಲ್ಲದೆ, ನಿವಾಸ ಇಲ್ಲಿರುವುದರಿಂದ ವಿಜಯಪುರ ಜಿಲ್ಲೆಯ ಆಲಮಟ್ಟಿಯ ವಿದ್ಯಾಲಯಕ್ಕೂ ಸಲ್ಲದೆ ಅಂಥ ಮಗು ನಡುವೆ ನಿಲ್ಲುತ್ತದೆ. ನಾಲ್ಕನೆಯ ಇಯತ್ತೆ ಮುಗಿಯುವ ಮೊದಲೇ ಈ ಬಗ್ಗೆ ನಿರ್ಧರಿಸತಕ್ಕದ್ದು. ಮತ್ತೊಂದು ನಿಯಮವಂತೂ ಕಠಿಣವಾದುದು: ಈ ಪರೀಕ್ಷೆಯನ್ನು ಮಗು ಒಮ್ಮೆ ಮಾತ್ರ ಬರೆಯಬಹುದು. ಒಂದು ವರ್ಷ ಹಿಂದೆ ಕೂಡ್ರಿಸಿ ಮತ್ತೆ ಬರೆಯಿಸುವೆನೆಂಬ ಯೋಚನೆಗೆ ಅಲ್ಲಿ ಆಸ್ಪದವಿಲ್ಲ.

ಒಮ್ಮೆಯೇ ದೊರೆಯುವ ಅವಕಾಶವಾದ್ದರಿಂದಲೇ ಅರ್ಜಿಯಲ್ಲಿನ ಒಂದು ಸಾಲಿನ ಬಗ್ಗೆ ನಾನು ವಿಸ್ತಾರವಾಗಿ ಬರೆಯಬೇಕಾಗಿದೆ. ಪರೀಕ್ಷೆಯ ಭಾಷೆ ಯಾವುದೆಂದು ಕೇಳುವ ಸಾಲು ಅದು. ಅಲ್ಲಿ ಏನನ್ನು ತುಂಬುತ್ತೇವೆಯೋ ಆ ಭಾಷೆಯ ಪ್ರಶ್ನಪುಸ್ತಿಕೆಯೇ ಮಗುವಿನ ಕೈಗೆ ಬರುತ್ತದೆ. ಪರೀಕ್ಷೆಯ ಕೋಣೆಯಲ್ಲಿ ಬದಲಿಸಿ ಕೊಡೆಂದರೆ ಕೊಡುವವರಿಲ್ಲ. ಈ ಪರೀಕ್ಷೆ ಕನ್ನಡವೂ ಸೇರಿದಂತೆ ಇಪ್ಪತ್ತು ಭಾಷೆಗಳಲ್ಲಿ ನಡೆಯುತ್ತದೆ. ಯಾವ ರಾಜ್ಯದಲ್ಲಿ ಯಾವ ಭಾಷೆಗಳೆಂಬ ಪಟ್ಟಿಯನ್ನು ಆಯಾ ವರ್ಷದ ಮಾಹಿತಿಪತ್ರದಲ್ಲಿ ಕೊಟ್ಟಿರುತ್ತಾರೆ. ಮೊದಲು ಆ ಪಟ್ಟಿಯನ್ನು ಶಿಕ್ಷಕರಿಂದ ಓದಿಸಿ ಕೇಳಿರಿ, ಆಮೇಲೆ ಅರ್ಜಿಗೆ ಕೈ ಹಚ್ಚಿರಿ.

ನಮ್ಮ ಕನ್ನಡ ಶಾಲೆಯ ಮಕ್ಕಳ ಪಾಲಕರಿಗೆ ಹೊರಗಿನಿಂದ ದೊರೆಯುವ ಸಲಹೆ ಸಾಮಾನ್ಯವಾಗಿ, ‘ಮರಾಠಿ ತುಂಬಿರಿ’ ಎಂಬುದು. ಅದಕ್ಕೆ ಕೊಡುವ ಕಾರಣಗಳೂ ತಳ್ಳಿಹಾಕುವಂಥವಲ್ಲ. ಪೇಟೆಯಲ್ಲಿ ಮಾರ್ಗದರ್ಶಿ ಪುಸ್ತಕಗಳು ಮರಾಠಿಯಲ್ಲಿ ಸಿಗುತ್ತವೆ. ತರಬೇತಿಯ ವರ್ಗಗಳು ಮರಾಠಿಯಲ್ಲಿ ನಡೆಯುತ್ತವೆ. ಪಲುಸದಲ್ಲಿ ಮುಂದೆ ಮಗುವಿನ ಜೊತೆಗಾರರೂ ಮರಾಠಿಯವರೇ. ನಮ್ಮ ಮಗು ಸಂತೆಯಲ್ಲಿ, ಬಸ್ಸಿನಲ್ಲಿ ಮರಾಠಿಯನ್ನು ಅರಳು ಹುರಿದಂತೆ ಆಡುತ್ತದೆ. ಆದರೆ ಆಡುವುದು ಬೇರೆ, ಎರಡು ತಾಸಿನ ಕಾಲಮಿತಿಯಲ್ಲಿ ಅಪರಿಚಿತವಾದ ಅಚ್ಚನ್ನು ಓದಿ ಅರ್ಥ ಹಿಡಿಯುವುದು ಬೇರೆ. ಲೆಕ್ಕ ಹಾಕಿ ನೋಡೋಣ. ಒಟ್ಟು ಪ್ರಶ್ನೆಗಳು 80, ಅಂಕಗಳು 100, ಸಮಯ 120 ನಿಮಿಷ. ಒಂದು ಪ್ರಶ್ನೆಗೆ ಒಂದೂವರೆ ನಿಮಿಷ ಬಂತು. ಇವುಗಳಲ್ಲಿ 20 ಪ್ರಶ್ನೆಗಳು, ಎಂದರೆ 25 ಅಂಕಗಳು, ಪೂರ್ತಿಯಾಗಿ ಭಾಷೆಯವು: ನಾಲ್ಕು ಗದ್ಯಭಾಗಗಳು, ಒಂದೊಂದರ ಕೆಳಗೆ ಐದೈದು ಪ್ರಶ್ನೆಗಳು. ಗಣಿತದ 20 ಪ್ರಶ್ನೆಗಳನ್ನೂ ಮಗು ಮೊದಲು ಓದಿಯೇ ಬಿಡಿಸಬೇಕಷ್ಟೆ. ನಾಲ್ಕು ವರ್ಷ ಕನ್ನಡದಲ್ಲಿ ಓದಿದ ಮಗು ಕನ್ನಡದ ಸಾಲನ್ನು ಕಣ್ಣೋಟದಲ್ಲಿ ಹಿಡಿಯುತ್ತದೆ. ಮರಾಠಿಯ ಸಾಲನ್ನು ತುಟಿಯಾಡಿಸುತ್ತ ಕೂಡಿಸಿಕೊಂಡು ಓದುತ್ತದೆ. ಅಷ್ಟರಲ್ಲಿ ಆ ಒಂದೂವರೆ ನಿಮಿಷ ಮುಗಿದಿರುತ್ತದೆ. ಬುದ್ಧಿಯಲ್ಲಿ ಹಿಂದೆ ಬೀಳದ ಮಗು ಓದಿನ ವೇಗದಲ್ಲಿ ಹಿಂದೆ ಬಿದ್ದು, ಆ ಸೋಲನ್ನು ಬುದ್ಧಿಯ ಸೋಲೆಂದೇ ತಿಳಿದುಕೊಳ್ಳುತ್ತದೆ. ಹತ್ತು-ಹನ್ನೊಂದು ವಯಸ್ಸಿನಲ್ಲಿ ಹಾಗೆ ತಿಳಿದುಕೊಂಡದ್ದು ಬೇಗ ಅಳಿಯುವುದಿಲ್ಲ.

ಮರಾಠಿಯ ಮೇಲೆ ನನಗೆ ಮುನಿಸಿಲ್ಲ. ಈ ನೆಲದ ಕಚೇರಿ, ಬಾಜಾರು, ಸಹಕಾರಿ ಸಂಘಗಳ ವ್ಯವಹಾರವೆಲ್ಲ ಅದರಲ್ಲಿಯೇ ನಡೆಯುತ್ತದೆ. ನಮ್ಮ ಮಕ್ಕಳು ಅದನ್ನು ಚೆನ್ನಾಗಿ ಕಲಿಯಲೇಬೇಕು. ಮನೆಮಾತು ಕನ್ನಡವಾಗಿದ್ದು ಒಂದನೆಯದರಿಂದ ಮರಾಠಿ ಶಾಲೆಯಲ್ಲಿ ಕಲಿತ ಮಗು ಮರಾಠಿಯಲ್ಲಿಯೇ ಬರೆಯಲಿ. ಅಭಿಮಾನಕ್ಕಾಗಿ ಅಂಥ ಮಗುವಿನಿಂದ ಕನ್ನಡವನ್ನು ಬರೆಯಿಸುವುದೂ ಅಷ್ಟೇ ಅನ್ಯಾಯ. ಅರ್ಜಿಯ ಆ ಸಾಲು ನಮ್ಮ ಅಭಿಮಾನವನ್ನು ಕೇಳುತ್ತಿಲ್ಲ. ಮಗು ಯಾವ ಭಾಷೆಯಲ್ಲಿ ಓದಿ ತಿಳಿಯುತ್ತದೆಂಬುದನ್ನು ಕೇಳುತ್ತಿದೆ. ಪಲುಸಕ್ಕೆ ಹೋದ ಮೇಲೆ ಮರಾಠಿ ಬೇಕಾಗುವುದು ನಿಜ. ಅದಕ್ಕೆ ಪರೀಕ್ಷೆ ಮುಗಿದಂದಿನಿಂದ ಜೂನಿನವರೆಗೆ ಸಾಕಷ್ಟು ತಿಂಗಳುಗಳಿವೆ. ಎಂಟನೆಯದರ ಸುಮಾರಿಗೆ ಅಲ್ಲಿಯ ಕಲಿಕೆ ಹೇಗಿದ್ದರೂ ಹಿಂದಿ-ಇಂಗ್ಲಿಷುಗಳಿಗೆ ಹೊರಳುತ್ತದೆ. ಒಂಬತ್ತನೆಯ ಇಯತ್ತೆಯಲ್ಲಿಯಂತೂ ನೂರಕ್ಕೆ 30 ಮಕ್ಕಳನ್ನು ಒಂದು ವರ್ಷದ ಮಟ್ಟಿಗೆ ಬೇರೆ ಭಾಷೆಯ ರಾಜ್ಯದ ನವೋದಯಕ್ಕೆ ಕಳಿಸುವ ಪದ್ಧತಿಯೂ ಉಂಟು. ಗಡಿಯಲ್ಲಿ ಹುಟ್ಟಿ ಎರಡು ಭಾಷೆಗಳ ನಡುವೆ ಬೆಳೆದ ನಮ್ಮ ಮಕ್ಕಳು ಮೂರನೆಯ, ನಾಲ್ಕನೆಯ ಭಾಷೆಗೆ ಅಂಜುವುದನ್ನು ನಾನು ಕಂಡಿಲ್ಲ.

ಮಗುವಿಗೆ ಯಾವ ಭಾಷೆ ಸರಿಯೆಂದು ತಿಳಿಯುವ ಬಗೆ ಹೇಗೆ? ಇಲ್ಲಿಯೇ ಅಕ್ಷರ ಬಾರದ ತಾಯಿಯ ಪ್ರಶ್ನೆಗೂ ಉತ್ತರವಿದೆ. ಮಗು ಹಿಂದೆ ಓದಿರದ ಕನ್ನಡದ ಒಂದು ಪುಟ, ಮರಾಠಿಯ ಒಂದು ಪುಟ ತೆಗೆದುಕೊಳ್ಳಿರಿ. ಶಿಕ್ಷಕರನ್ನು ಕೇಳಿದರೆ ಆರಿಸಿ ಕೊಡುತ್ತಾರೆ. ಒಂದೊಂದನ್ನೂ ಮಗು ಮನಸ್ಸಿನಲ್ಲಿಯೇ ಓದಲಿ. ಬಳಿಕ ಪುಸ್ತಕವನ್ನು ಮುಚ್ಚಿ ನಿಮ್ಮ ಬಳಿ ಇಟ್ಟುಕೊಂಡು, ‘ಅದರಾಗ ಏನ್ ಬರದೈತಿ ಹೇಳು’ ಎನ್ನಿರಿ. ನೀವು ರೊಟ್ಟಿ ಬಡಿಯುತ್ತಿದ್ದರೂ ಸರಿ, ಕಿವಿ ಇತ್ತ ಇದ್ದರೆ ಸಾಕು. ಮಗು ಹೇಳಿದ್ದು ನಿಮಗೆ ತಿಳಿಯಿತೇ? ಯಾರು, ಎಲ್ಲಿ, ಏಕೆ ಎಂದು ನೀವು ನಡುವೆ ಕೇಳಿದರೆ ಉತ್ತರ ಬಂತೇ? ಯಾವ ಪುಟದ ಕಥೆ ನಿಮ್ಮ ಮನಸ್ಸಿಗೆ ಇಳಿಯಿತೋ ಅದೇ ಮಗುವಿನ ಪರೀಕ್ಷೆಯ ಭಾಷೆ. ಇದೇ ಅಭ್ಯಾಸವನ್ನು ದಿನಕ್ಕೆ ಕಾಲು ತಾಸಿನಂತೆ ಮುಂದುವರಿಸಿದರೆ ಭಾಷಾಪರೀಕ್ಷೆಯ ತಯಾರಿಯೂ ಆಗುತ್ತದೆ. ಗದ್ಯಭಾಗದ ಪ್ರಶ್ನೆಗಳು ಕೇಳುವುದು ಬೇರೇನನ್ನೂ ಅಲ್ಲ. ಓದು ಬಲ್ಲ ಪಾಲಕರಿಗಿಂತ ಓದು ಬಾರದ ಪಾಲಕರು ಈ ಕೆಲಸಕ್ಕೆ ಹೆಚ್ಚು ಯೋಗ್ಯರೆಂದು ನನಗೆ ಅನೇಕ ಸಲ ಅನ್ನಿಸಿದೆ; ಓದು ಬಲ್ಲವರು ಮಗು ತಡವರಿಸಿದೊಡನೆ ತಾವೇ ಹೇಳಿಬಿಡುತ್ತಾರೆ.

ಓದಲು ಪುಸ್ತಕವಿಲ್ಲವೆಂಬ ಕೊರತೆ ಈಗ ಮೊದಲಿನಷ್ಟಿಲ್ಲ. 1967ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಬಾಲಭಾರತಿಯ ಕನ್ನಡ ಪಠ್ಯಪುಸ್ತಕಗಳೂ ಕರ್ನಾಟಕ ಸರಕಾರದ ಪಠ್ಯಪುಸ್ತಕಗಳೂ ಮೊಬೈಲಿನಲ್ಲಿ ಹಣವಿಲ್ಲದೆ ದೊರೆಯುತ್ತವೆ. ಗಡಿಯಾಚೆಯ ಐದನೆಯ ಇಯತ್ತೆಯ ಪಾಠಗಳು ನಮ್ಮ ಮಗುವಿಗೆ ಹೊಸವು. ಅಪರಿಚಿತ ಗದ್ಯಭಾಗಕ್ಕೆ ಅದಕ್ಕಿಂತ ಉತ್ತಮವಾದುದನ್ನು ಹಣ ಕೊಟ್ಟು ತರಬೇಕಾಗಿಲ್ಲ.

ಆದರೆ ಈ ಎರಡು ಕಡೆಯ ಪುಸ್ತಕಗಳನ್ನು ಓದಿಸುವಾಗ ಗಣಿತದ ಪರಿಭಾಷೆಯಲ್ಲಿ ಎಚ್ಚರ ಬೇಕು. ಮರಾಠಿ ಮಾರ್ಗದರ್ಶಿಯಲ್ಲಿ ಅಪೂರ್ಣಾಂಕ ಎಂದಿರುವುದು ಕರ್ನಾಟಕದ ಪುಸ್ತಕದಲ್ಲಿ ಭಿನ್ನರಾಶಿ. ಅಲ್ಲಿಯ ಪರಿಮಿತಿ ಇಲ್ಲಿ ಸುತ್ತಳತೆ. ಅಲ್ಲಿಯ ಲಸಾವಿ, ಮಸಾವಿ ಇಲ್ಲಿ ಲ.ಸಾ.ಅ., ಮ.ಸಾ.ಅ.; ಅಲ್ಲಿಯ ವಿಷಮ ಸಂಖ್ಯೆ ಇಲ್ಲಿ ಬೆಸ ಸಂಖ್ಯೆ; ಮೂಳ ಸಂಖ್ಯೆ ಎಂದರೆ ಅವಿಭಾಜ್ಯ ಸಂಖ್ಯೆ. ಮರಾಠಿಯಲ್ಲಿ ಲಾಭ-ಹಾನಿಗೆ ನಫಾ-ತೋಟಾ ಎನ್ನುತ್ತಾರೆ. ತೋಟವೆಂದರೆ ಹಾನಿ ಹೇಗಾಯಿತೆಂದು ನಮ್ಮ ಮಕ್ಕಳು ನಗುತ್ತಾರೆ. ಒಣಗಿದ ದಾಳಿಂಬೆಯ ತೋಟವನ್ನು ಟ್ಯಾಂಕರ್ ನೀರಿನಿಂದ ಉಳಿಸಿಕೊಂಡ ಅವರ ತಂದೆಯಂದಿರಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಕ್ಕಿಲ್ಲ. ವಹಿಯ ಹಿಂದಿನ ಪುಟದಲ್ಲಿ ಎರಡು ಓಣಿ ಮಾಡಿ ಇಂಥ ಜೋಡಿ ಶಬ್ದಗಳನ್ನು ಮಗು ತಾನೇ ಬರೆಯುತ್ತ ಹೋಗಲಿ. ಲೆಕ್ಕ ಬಂದರೂ ಶಬ್ದ ತಿಳಿಯದೆ ಪ್ರಶ್ನೆ ಬಿಟ್ಟು ಬರುವ ಮಕ್ಕಳನ್ನು ನೋಡಿ ನೋಡಿ ಈ ಮಾತು ಹೇಳುತ್ತಿದ್ದೇನೆ.

ಗಣಿತದ ಅಭ್ಯಾಸಕ್ಕೆ ಮನೆಯ ವ್ಯವಹಾರವೇ ಸಾಕು. ಒಂದು ಊರಿನ ಬಸ್ಸು 40 ನಿಮಿಷಕ್ಕೊಮ್ಮೆ, ಇನ್ನೊಂದು ಊರಿನದು 60 ನಿಮಿಷಕ್ಕೊಮ್ಮೆ ಹೊರಡುತ್ತದೆ; ಎಂಟು ಗಂಟೆಗೆ ಎರಡೂ ಕೂಡಿ ಹೊರಟವು; ಮತ್ತೆ ಎಷ್ಟು ಗಂಟೆಗೆ ಕೂಡುತ್ತವೆ? ಹತ್ತಕ್ಕೆ. ಇದೇ ಲಘುತಮ ಸಾಮಾನ್ಯ ಅಪವರ್ತ್ಯ. ಹೊಲದಲ್ಲಿ ತೋಡಿದ ಕೃಷಿಹೊಂಡ 30 ಮೀಟರು ಉದ್ದ, 20 ಮೀಟರು ಅಗಲವಿದ್ದರೆ ಸುತ್ತ ತಂತಿಗೆ 100 ಮೀಟರು ಬೇಕು. ತಳಕ್ಕೆ ಹಾಸುವ ಹಾಳೆಯ ಲೆಕ್ಕಕ್ಕೆ 600 ಚದರ ಮೀಟರು. ಎರಡರ ಭೇದವನ್ನು ಹೊಂಡದ ದಂಡೆಯ ಮೇಲೆ ನಿಂತು ತಿಳಿದುಕೊಂಡ ಮಗು ಕಾಗದದ ಮೇಲೆ ತಪ್ಪುವುದಿಲ್ಲ. ಮನೆಯಲ್ಲಿ ಅಜ್ಜಂದಿರಿದ್ದರೆ ಅವರು ಬಾಲ್ಯದಲ್ಲಿ ಬಾಯಿಪಾಠ ಮಾಡಿದ ಪಾವಕಿ, ನಿಮಕಿ, ಸವಾಯಕಿಗಳನ್ನು ಕೇಳಿ ತಿಳಿಯಿರಿ. ಏಳು ಕಾಲುಗಳೆಂದರೆ ಒಂದೂಮುಕ್ಕಾಲು ಎಂದು ಥಟ್ಟನೆ ಹೇಳಬಲ್ಲ ಮಗುವಿಗೆ ಭಿನ್ನರಾಶಿ ಭೂತದಂತೆ ಕಾಣುವುದಿಲ್ಲ. ಅಂದ ಹಾಗೆ ಈ ಪರೀಕ್ಷೆಯ ಒಂದೊಂದು ಪ್ರಶ್ನೆಗೂ ಒಂದೂಕಾಲು ಅಂಕ. ಸವಾಯಕಿ ಬಲ್ಲ ಅಜ್ಜ ಮೊಮ್ಮಗನ ಅಂಕಗಳನ್ನು ಕಾಗದವಿಲ್ಲದೆ ಎಣಿಸಬಲ್ಲರು.

ಅರ್ಧದಷ್ಟು ಅಂಕಗಳು, ಎಂದರೆ 40 ಪ್ರಶ್ನೆಗಳಿಗೆ 50, ಬುದ್ಧಿಶಕ್ತಿ ಪರೀಕ್ಷೆಗೆ ಮೀಸಲು. ಇದರಲ್ಲಿ ಅಕ್ಷರಕ್ಕಿಂತ ಆಕೃತಿಗಳೇ ಹೆಚ್ಚು: ಗುಂಪಿಗೆ ಸೇರದ ಚಿತ್ರ, ಅರ್ಧ ಬಿಟ್ಟ ಚಿತ್ರವನ್ನು ಪೂರೈಸುವುದು, ಕನ್ನಡಿಯ ಬಿಂಬ, ಮಡಚಿ ತೂತು ಕೊರೆದ ಕಾಗದವನ್ನು ಬಿಡಿಸಿದಾಗ ಕಾಣುವ ರೂಪ, ದೊಡ್ಡ ಆಕೃತಿಯಲ್ಲಿ ಅಡಗಿದ ಸಣ್ಣ ಆಕೃತಿ. ಪಾಲಕರು ಹೆದರುವುದು ಇದಕ್ಕೇ. ತರಬೇತಿಯ ವರ್ಗಗಳು ಹಣ ಕೇಳುವುದೂ ಇದಕ್ಕೇ. ಹಳೆಯ ಪ್ರಶ್ನಪತ್ರಿಕೆಗಳನ್ನು ಒಮ್ಮೆ ನೋಡಿ ಪ್ರಶ್ನೆಯ ಜಾತಿಯನ್ನು ತಿಳಿದುಕೊಳ್ಳುವುದು ಅಗತ್ಯ. ಮಿಕ್ಕಿದ್ದು ಮನೆಯಲ್ಲಿಯೇ ಇದೆ. ಅಜ್ಜಿಯ ಕೌದಿಯಲ್ಲಿ ಒಂದು ಮೂಲೆಯನ್ನು ಕೈಯಿಂದ ಮುಚ್ಚಿ, ಅಲ್ಲಿ ಯಾವ ತುಂಡು ಇರಬೇಕೆಂದು ಕೇಳಿರಿ. ಚುಕ್ಕೆಯ ರಂಗೋಲಿಯಲ್ಲಿ ತ್ರಿಕೋನಗಳೆಷ್ಟೆಂದು ಎಣಿಸಲಿ. ಕಾಗದವನ್ನು ಎರಡು ಸಲ ಮಡಚಿ ಒಂದು ತೂತು ಕೊರೆದರೆ ಬಿಡಿಸಿದಾಗ ನಾಲ್ಕು ಕಾಣುತ್ತವೆ. ಎಲ್ಲಿ ಕಾಣುತ್ತವೆಂದು ಬಿಡಿಸುವ ಮುನ್ನ ಬೆರಳಿಟ್ಟು ತೋರಿಸಲಿ. ಗಡಿಯಾರವನ್ನು ಕನ್ನಡಿಯ ಎದುರು ಹಿಡಿದರೆ ಮೂರು ಗಂಟೆ ಒಂಬತ್ತಾಗಿ ತೋರುವುದನ್ನು ನೋಡಿ, ಏಕೆಂದು ಮಗುವೇ ಹೇಳಲಿ.

ಉತ್ತರಪತ್ರಿಕೆಯ ವಿಷಯ ಸ್ವಲ್ಪದರಲ್ಲಿ ಹೇಳುವೆ. ಸರಿಯುತ್ತರದ ವೃತ್ತವನ್ನು ನೀಲಿ ಅಥವಾ ಕಪ್ಪು ಬಾಲ್‌ಪೆನ್ನಿನಿಂದ ತುಂಬಬೇಕು. ಪೆನ್ಸಿಲು ನಡೆಯದು, ತುಂಬಿದ್ದನ್ನು ಕೆರೆದು ತಿದ್ದುವಂತಿಲ್ಲ. ತಪ್ಪಿದ ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವುದನ್ನೂ ಖಾಲಿ ಬಿಡಬಾರದು. ಒಂದು ಪ್ರಶ್ನೆಯನ್ನು ಬಿಟ್ಟು ಮುಂದೆ ಹೋದಾಗ ವೃತ್ತವನ್ನೂ ಬಿಡದಿದ್ದರೆ ಅಲ್ಲಿಂದ ಮುಂದಿನ ಉತ್ತರಗಳೆಲ್ಲ ಒಂದೊಂದು ಮನೆ ಜರುಗಿ ಕೂಡುತ್ತವೆ. ಮನೆಯಲ್ಲಿ ನಾಲ್ಕಾರು ಸಲ 80 ವೃತ್ತಗಳ ಹಾಳೆಯನ್ನು ತುಂಬಿಸಿದರೆ ಈ ಭಯವಿರದು. ಮಹಾರಾಷ್ಟ್ರ ರಾಜ್ಯ ಪರೀಕ್ಷಾ ಪರಿಷತ್ತಿನ ಶಿಷ್ಯವೃತ್ತಿ ಪರೀಕ್ಷೆಯೂ ಇದೇ ಬಗೆಯದು, ಕನ್ನಡ ಮಾಧ್ಯಮದಲ್ಲಿಯೂ ನಡೆಯುವಂಥದು. ಅದರ ಪ್ರಥಮಭಾಷೆ, ಗಣಿತ ಮತ್ತು ಬುದ್ಧಿಮತ್ತೆಯ ಪ್ರಶ್ನೆಗಳು ನವೋದಯಕ್ಕೂ ಉಪಯುಕ್ತ. 2016-17ರಿಂದ ಐದು ಮತ್ತು ಎಂಟನೆಯ ಇಯತ್ತೆಗಳಿಗಿದ್ದ ಅದನ್ನು ನಾಲ್ಕು ಮತ್ತು ಏಳಕ್ಕೆ ಮರಳಿ ತರಲು ಸರಕಾರ 2025ರಲ್ಲಿ ನಿರ್ಧರಿಸಿತು. ನಾಲ್ಕರಲ್ಲಿ ಅದು, ಐದರಲ್ಲಿ ಇದು ಎಂದು ಮೆಟ್ಟಿಲು ಮಾಡಿಕೊಳ್ಳಲು ಅನುಕೂಲವೇ ಆಯಿತು.

ಇನ್ನು ನಮ್ಮ ಭಾಗದ ಎಲ್ಲಕ್ಕಿಂತ ದೊಡ್ಡ ತೊಡಕು. ಜತ್ತದ ಈ ಪೂರ್ವಭಾಗ ಮಳೆ ನೆರಳಿನ ಸೀಮೆ. ಹಿಂಗಾರಿ ಕೈಕೊಟ್ಟ ವರ್ಷ ಮುಕಾದಮನಿಂದ ಮುಂಗಡ ಹಣ ಪಡೆದ ಕುಟುಂಬಗಳು ದೀಪಾವಳಿಯ ಆಸುಪಾಸಿಗೆ ಕಬ್ಬು ಕಡಿಯಲು ಹೊರಟುಬಿಡುತ್ತವೆ. ಮರಳುವುದು ಯುಗಾದಿಯ ಹೊತ್ತಿಗೆ. ನವೋದಯದ ಪರೀಕ್ಷೆ 2024ರಲ್ಲಿ ಜನವರಿ 20ರಂದು, 2025ರಲ್ಲಿ ಜನವರಿ 18ರಂದು ನಡೆಯಿತು. 2026ರ ಪ್ರವೇಶದ ಪರೀಕ್ಷೆ 2025ರ ಡಿಸೆಂಬರ್ 13ರಂದೇ ಆಗಿಹೋಯಿತು. ಯಾವ ತಾರೀಖಾದರೂ ಕಬ್ಬಿನ ಹಂಗಾಮಿನ ನಟ್ಟನಡುವೆಯೇ ಬೀಳುತ್ತದೆ. ಅರ್ಜಿ ತುಂಬುವಾಗ ಊರಲ್ಲಿದ್ದ ಮಗು, ಪರೀಕ್ಷೆಯ ದಿನ ಯಾವುದೋ ಕಾರ್ಖಾನೆಯ ಬಯಲಿನಲ್ಲಿ ತಂಗಿಯನ್ನು ಕಂಕುಳಲ್ಲಿಟ್ಟುಕೊಂಡು ಕೂತಿರುತ್ತದೆ. ಇದಕ್ಕೆ ಪಾಲಕರನ್ನು ಬೈಯಲು ನನಗೆ ಮನಸ್ಸಿಲ್ಲ. ಮುಂಗಡ ತೀರಿಸದೆ ಅವರು ಮರಳುವಂತಿಲ್ಲ, ಎಳೆಯ ಕೂಸನ್ನು ನೋಡಿಕೊಳ್ಳುವವರು ಬೇಕು. ಆದರೂ ಐದನೆಯ ಇಯತ್ತೆಯ ಆ ಒಂದು ವರ್ಷ ಮಗುವನ್ನು ಅಜ್ಜಿಯ ಬಳಿ, ಚಿಕ್ಕಪ್ಪನ ಬಳಿ ಊರಲ್ಲಿಯೇ ಬಿಟ್ಟು ಹೋಗುವ ಏರ್ಪಾಡು ಮಾಡಿರಿ ಎಂದು ಕೈಮುಗಿದು ಕೇಳುತ್ತೇನೆ. ಐದನೆಯದನ್ನು ವರ್ಷವಿಡೀ ಅದೇ ಜಿಲ್ಲೆಯಲ್ಲಿ ಓದಿರಬೇಕೆಂಬ ನಿಯಮಕ್ಕೂ ಅದು ಬೇಕು. ಇಟ್ಟುಕೊಳ್ಳುವವರಿಲ್ಲದ ಮಕ್ಕಳಿಗಾಗಿ ಹಂಗಾಮಿ ವಸತಿಗೃಹದ ಯೋಜನೆಯೊಂದು ರಾಜ್ಯದಲ್ಲಿದೆ. ಗಂಟುಮೂಟೆ ಕಟ್ಟುವ ಮುನ್ನವೇ ಮುಖ್ಯಾಧ್ಯಾಪಕರಿಗೆ ಹೇಳಿದರೆ ಪ್ರಸ್ತಾವ ಕಳಿಸಲು ಅವಕಾಶವಿರುತ್ತದೆ, ಹೋದ ಮೇಲೆ ಹೇಳಿದರೆ ಇಲ್ಲ. ಮತ್ತೊಂದು ಸಣ್ಣ ಮಾತು, ಆದರೆ ದೊಡ್ಡ ಪರಿಣಾಮದ್ದು: ಅರ್ಜಿಯಲ್ಲಿ ಊರಲ್ಲಿ ಉಳಿಯುವವರ ಮೊಬೈಲು ಸಂಖ್ಯೆಯನ್ನು ಕೊಡಿರಿ. ಸಂದೇಶ ಬಂದ ಫೋನು ಕಬ್ಬಿನ ಗದ್ದೆಯಲ್ಲಿ ಚಾರ್ಜಿಲ್ಲದೆ ಬಿದ್ದಿದ್ದರೆ ಪ್ರವೇಶಪತ್ರ ತೆಗೆಯುವುದು ಕಷ್ಟವಾಗುತ್ತದೆ. ನೋಂದಣಿ ಸಂಖ್ಯೆಯ ಕಾಗದದ ಒಂದು ಪ್ರತಿ ವರ್ಗಶಿಕ್ಷಕರ ಬಳಿ ಇರಲಿ.

ಇದನ್ನೆಲ್ಲ ಬರೆಯುವ ಮುಖ್ಯಾಧ್ಯಾಪಕನಿಗೆ ತನ್ನದೂ ಒಂದು ಚಿಂತೆಯಿದೆಯೆಂದು ಓದುಗರು ಬಲ್ಲರು. ಒಂದು ಮಗು ಪಲುಸಕ್ಕೆ ಹೋದರೆ ನಮ್ಮ ಕನ್ನಡ ಶಾಲೆಯ ಪಟದಲ್ಲಿ ಒಂದು ಹೆಸರು ಕಡಿಮೆಯಾಗುತ್ತದೆ. ಪಟ ಇಳಿದಂತೆ ಶಿಕ್ಷಕರ ಸಂಖ್ಯೆಯೂ ಇಳಿಯುತ್ತದೆ. ಹಾಗೆಂದು ಜಾಣ ಮಗುವನ್ನು ಶಾಲೆಗೆ ಕಂಬವಾಗಿ ನಿಲ್ಲಿಸಲಾದೀತೇ? ಕನ್ನಡದಲ್ಲಿ ಪರೀಕ್ಷೆ ಬರೆದ ಮಗು ಆರಿಸಿ ಬಂದರೆ, ಮುಂದಿನ ವರ್ಷ ಒಂದನೆಯ ಇಯತ್ತೆಗೆ ಹೆಸರು ಹಚ್ಚುವ ನಾಲ್ಕು ಪಾಲಕರಾದರೂ ಕನ್ನಡ ಶಾಲೆಯತ್ತ ಹೊರಳುತ್ತಾರೆ. ನನ್ನ ಸ್ವಾರ್ಥವೂ ಅದರಲ್ಲಿಯೇ ಇದೆ.

ಹೆಣ್ಣುಮಕ್ಕಳ ಬಗ್ಗೆ ಇಬ್ಬರು ತಂದೆಯರು ಬರೆದಿದ್ದಾರೆ. ಮಗಳು ಜಾಣೆ, ಆದರೆ ನೂರು ಕಿಲೋಮೀಟರಿಗಿಂತ ದೂರದ ಊರಿಗೆ ಹನ್ನೊಂದು ವರ್ಷದವಳನ್ನು ಹೇಗೆ ಕಳಿಸುವುದು ಎಂಬುದು ಅವರ ಸಂಕಟ. ಮೂರರಲ್ಲೊಂದು ಸ್ಥಾನ ಹುಡುಗಿಯರಿಗಿದೆ, ಅವರಿಗೆ ಬೇರೆ ವಸತಿಗೃಹವಿದೆ ಎಂಬುದು ನಿಯಮದ ಮಾತು. ಅದರಿಂದ ತಂದೆಯ ಮನಸ್ಸು ಸಮಾಧಾನವಾಗದೆಂದು ನಾನೂ ಬಲ್ಲೆ. ಅರ್ಜಿ ತುಂಬುವ ಮುನ್ನ ತಾಯಿಯನ್ನೂ ಮಗಳನ್ನೂ ಕರೆದುಕೊಂಡು ಒಂದು ದಿನ ಆ ವಿದ್ಯಾಲಯಕ್ಕೆ ಹೋಗಿ ಬನ್ನಿರಿ. ಅನುಮತಿ ಕೇಳಿ ವಸತಿಗೃಹವನ್ನು ನೋಡಿರಿ. ಅಲ್ಲಿರುವ ನಮ್ಮ ಕಡೆಯ ಹುಡುಗಿಯರನ್ನು ಮಾತಾಡಿಸಿರಿ. ಕಳಿಸುವುದಿಲ್ಲವೆಂದು ಮೊದಲೇ ನಿಶ್ಚಯಿಸಿದ್ದರೆ ಪರೀಕ್ಷೆಗೆ ಕೂಡ್ರಿಸಲೇಬೇಡಿರಿ. ಆರಿಸಿ ಬಂದ ಮಗಳಿಗೆ ಜೂನಿನಲ್ಲಿ ‘ಬ್ಯಾಡವ್ವ’ ಎನ್ನುವುದಕ್ಕಿಂತ ಅದು ಮೇಲು.

ಸೈನಿಕ ಶಾಲೆಯ ಬಗ್ಗೆ ಕೇಳಿದವರಿಗೆ: 1961ರಲ್ಲಿ ಆರಂಭವಾದ ಸಾತಾರೆಯದು ದೇಶದ ಮೊದಲ ಸೈನಿಕ ಶಾಲೆ, ವಿಜಯಪುರದ್ದು 1963ರದು. ನಮಗೆ ವಿಜಯಪುರ ಹತ್ತಿರವೆಂಬುದು ನಿಜ. ಆದರೆ ಪ್ರತಿ ಶಾಲೆಯಲ್ಲಿ ನೂರಕ್ಕೆ 67 ಸ್ಥಾನಗಳು ಆ ರಾಜ್ಯದವರಿಗೆ, 33 ಹೊರಗಿನವರಿಗೆ. ತಿಕೋಂಡಿಯ ಮಗು ವಿಜಯಪುರದಲ್ಲಿ ಹೊರರಾಜ್ಯದ್ದು, ಸಾತಾರೆಯಲ್ಲಿ ಒಳರಾಜ್ಯದ್ದು. ಆರನೆಯ ಇಯತ್ತೆಯ ಪ್ರವೇಶ ಪರೀಕ್ಷೆಯನ್ನು ಅಲ್ಲಿಯೂ ಕನ್ನಡದಲ್ಲಿ ಬರೆಯಬಹುದು. ಶುಲ್ಕ ಮಾತ್ರ ನವೋದಯದಂತಲ್ಲ, ವಿಚಾರಿಸಿ ಮುಂದುವರಿಯಿರಿ.

ಪಟ್ಟಣದಲ್ಲಿರುವ ಓದುಗರೊಬ್ಬರು ನಾಲ್ಕು ವರ್ಷದ ಕೂಸನ್ನು ಶಾಲೆಯ ಸಂದರ್ಶನಕ್ಕೆ ಹೇಗೆ ತಯಾರು ಮಾಡಬೇಕೆಂದು ಕೇಳಿದ್ದಾರೆ. ನನ್ನ ಉತ್ತರ ಚಿಕ್ಕದು. ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕಿನ ಅಧಿನಿಯಮ 2009ರ 13ನೆಯ ಕಲಮಿನಂತೆ, ಪ್ರವೇಶಕ್ಕಾಗಿ ಕೂಸನ್ನಾಗಲಿ ತಂದೆ-ತಾಯಿಯನ್ನಾಗಲಿ ಪರೀಕ್ಷಿಸಿ ಆರಿಸುವಂತಿಲ್ಲ. ಹಾಗೆ ಮಾಡಿದ ಶಾಲೆಗೆ ಮೊದಲ ಸಲ 25,000 ರೂಪಾಯಿಯವರೆಗೆ, ಮುಂದೆ ಪ್ರತಿ ಸಲಕ್ಕೆ 50,000ದವರೆಗೆ ದಂಡವಿದೆ. ಅಧಿನಿಯಮವು ನವೋದಯ, ಸೈನಿಕ ಶಾಲೆಗಳಂಥವನ್ನು ಬೇರೆ ವರ್ಗವಾಗಿ ಎಣಿಸಿರುವುದರಿಂದ ಅಲ್ಲಿ ಪರೀಕ್ಷೆ ಉಂಟು. ನಾಲ್ಕು ವರ್ಷದ ಕೂಸು ಮಣ್ಣಿನಲ್ಲಿ ಆಡಲಿ.

ಕೊನೆಯದಾಗಿ, ಆರಿಸಿ ಬರದ ಮಕ್ಕಳ ಮಾತು. ಇಡೀ ಜಿಲ್ಲೆಗೆ 80 ಸ್ಥಾನಗಳು, ಬರೆಯುವವರು ಸಾವಿರಗಟ್ಟಲೆ. ಆದ್ದರಿಂದ ಇದನ್ನು ಓದುತ್ತಿರುವ ಹೆಚ್ಚಿನ ಮನೆಗಳಲ್ಲಿ ಹೆಸರು ಬರುವುದಿಲ್ಲವೆಂದು ಮೊದಲೇ ತಿಳಿದಿರುವುದು ಮೇಲು. ಫಲಿತಾಂಶದ ದಿನ ಚಾವಡಿಯ ಕಟ್ಟೆಯ ಮೇಲೆ ಮಗುವಿನ ಎದುರೇ ಅದರ ಅಂಕಗಳ ಚರ್ಚೆ ಬೇಡ. ‘ಅವನ ಹೆಸರು ಬಂತಲ್ಲ, ನಿಂದ್ಯಾಕ ಬರಲಿಲ್ಲ’ ಎಂಬ ಮಾತಂತೂ ಬೇಡವೇ ಬೇಡ. ಮುಂದೆ ಎಂಟನೆಯ ಇಯತ್ತೆಯಲ್ಲಿ ಓದುತ್ತಿರುವಾಗ, ನವೋದಯದ ಒಂಬತ್ತನೆಯದರಲ್ಲಿ ತೆರವಾದ ಸ್ಥಾನಗಳಿಗೆ ಇನ್ನೊಂದು ಪರೀಕ್ಷೆ ನಡೆಯುತ್ತದೆ. ಅದೇ ಎಂಟನೆಯದರಲ್ಲಿ ಆರ್ಥಿಕ ದುರ್ಬಲ ಮಕ್ಕಳ ರಾಷ್ಟ್ರೀಯ ಶಿಷ್ಯವೃತ್ತಿ ಪರೀಕ್ಷೆಯೂ ಇದೆ. ಪಾಲಕರ ವಾರ್ಷಿಕ ಉತ್ಪನ್ನ ಮೂರೂವರೆ ಲಕ್ಷ ರೂಪಾಯಿ ಮೀರಿರಬಾರದು. ತೇರ್ಗಡೆಯಾಗಿ ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ಜಿಲ್ಲಾ ಪರಿಷತ್ತಿನ ಶಾಲೆ, ಅನುದಾನಿತ ಶಾಲೆಗಳ ಮಕ್ಕಳಿಗಾಗಿಯೇ ಇರುವ ಶಿಷ್ಯವೃತ್ತಿಯಿದು. ನವೋದಯಕ್ಕೆ ಹೋದವರಿಗೆ ಇದು ದೊರೆಯುವುದಿಲ್ಲ, ಊರಲ್ಲಿ ಉಳಿದವರಿಗೆ ದೊರೆಯುತ್ತದೆ. ಅದರ ಅರ್ಜಿ, ಪ್ರಶ್ನಪತ್ರಿಕೆ ಮತ್ತು ತಹಸೀಲದಾರರಿಂದ ಪಡೆಯಬೇಕಾದ ಉತ್ಪನ್ನದ ದಾಖಲೆಯ ವಿಷಯವನ್ನು ಮುಂದಿನ ತಿಂಗಳು ವಿವರಿಸುವೆ.